ಕಾಲು ಮುಂದಾಗಿ ಹುಟ್ಟಿದವನ ಆಲ್ಗೋಸ್

ಎಲ್ಲ ಮಕ್ಕಳೂ ತಲೆ ಮುಂದೆ ಮಾಡಿ ಹುಟ್ಟುತ್ತವೆ. ನಾನು ಎಡಗಾಲು ಮುಂದೆ ಮಾಡಿ, ಬಾಗಿಲು ಒದ್ದುಕೊಂಡು ಬರುವ ಪೊಲೀಸರ ಹಾಗೆ ಬಂದೆನಂತೆ. ಸೂಲಗಿತ್ತಿ ಬೆವರು ಒರೆಸಿಕೊಂಡು ಗೋಡೆಗೆ ಒರಗಿದಳು, ಅವ್ವ ಎಚ್ಚರ ತಪ್ಪಿದಳು. ನಮ್ಮ ಅಜ್ಜಿ ಮಾತ್ರ ಓಣಿಗೆಲ್ಲ ಸಕ್ಕರೆ ಹಂಚಿದಳು. ಯಾಕೆಂದರೆ ರೋಣದ ನಮ್ಮ ಓಣಿಯಲ್ಲಿ, ಕಾಲು ಮುಂದಾಗಿ ಹುಟ್ಟಿದವರ ಕಾಲಿಗೆ ಒಂದು ಗುಣವಿದೆ ಎಂದು ನಂಬಿಕೆ. ಬೆನ್ನಿಗೋ ಸೊಂಟಕ್ಕೋ ಚಳಕು ಹಿಡಿದು ಬಗ್ಗಲಾಗದೆ ನಿಂತವರು ಅಂಥವರ ಹಿಮ್ಮಡಿ ತಾಗಿಸಿಕೊಂಡರೆ ಚಳಕು ಬಿಡುತ್ತದೆ.

"ತಲಿ ಎಲ್ಲಾರಿಗೂ ಇರತೈತಿ. ಇವಂಗ ಕಾಲೈತಿ" ಎಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು. ನನ್ನ ತಲೆಯ ಬಗ್ಗೆ ಆಕೆಗೆ ಮೊದಲಿನಿಂದಲೂ ಭರವಸೆ ಇರಲಿಲ್ಲ. ಮುಂದೆ ನನ್ನ ಪರೀಕ್ಷೆಯ ಫಲಿತಾಂಶಗಳು ಆಕೆಯ ಮಾತನ್ನೇ ಎತ್ತಿ ಹಿಡಿದವು.

ಈ ಕಾಲಿನ ವೈದ್ಯಕ್ಕೆ ಒಂದು ಕ್ರಮವಿತ್ತು. ಬೆಳಿಗ್ಗೆ ಏನೂ ತಿನ್ನುವ ಮೊದಲೇ ಆಗಬೇಕು. ನೋವಿದ್ದವರು ನಮ್ಮ ಪಡಸಾಲೆಯ ಚಾಪೆಯ ಮೇಲೆ ಬೋರಲು ಮಲಗಬೇಕು. ನಾನು ಗೋಡೆ ಹಿಡಿದು, ಮುಖ ಆಚೆ ತಿರುಗಿಸಿ, ಎಡಗಾಲಿನ ಹಿಮ್ಮಡಿಯನ್ನು ನೋವಿನ ಜಾಗಕ್ಕೆ ತಾಗಿಸಬೇಕು. ಆದರೆ ದೊಡ್ಡವರಿಗೆ ಕಾಲು ತಾಗಿಸುವುದು ಪಾಪವಲ್ಲವೆ? ಅದಕ್ಕೆ ಪರಿಹಾರವನ್ನೂ ಅಜ್ಜಿಯೇ ಕಟ್ಟಿದ್ದಳು. ಕೆಲಸ ಮುಗಿದ ಕೂಡಲೆ ನಾನು ಅವರ ಎರಡೂ ಪಾದ ಹಿಡಿದುಕೊಳ್ಳಬೇಕು. ಅವರು "ಬಿಟ್ಟೀನಿ ಹೋಗು" ಅನ್ನಬೇಕು. ಅನ್ನುವವರೆಗೆ ನನ್ನ ರೊಟ್ಟಿಗೆ ಬೆಣ್ಣೆ ಇಲ್ಲ, ಖಾರದ ಹಿಂಡಿ ಇಲ್ಲ, ಪಲ್ಯವಿಲ್ಲ. ಖಾಲಿ ರೊಟ್ಟಿ.

ಜನ ಇದರ ಲಾಭ ಪಡೆಯದೆ ಇರುತ್ತಾರೆಯೆ? ಒಬ್ಬರು ಬೋರಿನಿಂದ ನೀರು ತರಿಸಿಕೊಂಡ ಮೇಲೆ "ಬಿಟ್ಟೀನಿ" ಅನ್ನುತ್ತಿದ್ದರು, ಇನ್ನೊಬ್ಬರು ಗಿರಣಿಗೆ ಜೋಳ ಹೊರಿಸಿ ಬಿಡುತ್ತಿದ್ದರು. ಇವರೆಲ್ಲರಿಗೆ ಗುರು ನಮ್ಮ ಎದುರು ಮನೆಯ ಚಾಚಾ.

ಚಾಚಾ ಗಾದಿ ಮಾಡುವವರು. ಅವರ ಮನೆಯ ಮುಂದಿನ ಕೋಣೆಯಲ್ಲಿ ಅರಳೆ ಹಿಂಜುವ ದೊಡ್ಡ ಬಿಲ್ಲು ತೂಗುತ್ತಿತ್ತು. ಹುಬ್ಬಿನ ತುಂಬ, ಮೀಸೆಯ ತುಂಬ ಅರಳೆಯ ಎಳೆ ಅಂಟಿಸಿಕೊಂಡು, ಬಗ್ಗಿ ಕೂತು, ಬೆಳಗಿನಿಂದ ಟೊಂಯ್ ಟೊಂಯ್ ಎಂದು ಬಿಲ್ಲಿನ ನಾರಿ ಮೀಟುತ್ತಿದ್ದರು. ಊರಿಗೆ ಮಶಿನ್ ಬಂದಿದ್ದರೂ ಮದುವೆಯ ಗಾದಿಗೆ ಜನ ಅವರ ಕೈಯನ್ನೇ ಕೇಳುತ್ತಿದ್ದರು. ದಿನವಿಡೀ ಬಗ್ಗಿ ಕೂತವರಿಗೆ ಚಳಕು ತಪ್ಪುತ್ತದೆಯೆ? ಅವರು ನನ್ನ ಕಾಲಿನ ಕಾಯಂ ಗಿರಾಕಿ. ಪಾದ ಹಿಡಿದರೆ ಸಾಕು, ನಿದ್ದೆ ಬಂದವರಂತೆ ಕಣ್ಣು ಮುಚ್ಚುತ್ತಿದ್ದರು.

"ಚಾಚಾ, ಬಸ್ ಹೋಗತೈತ್ರಿ."

"ಹೋಗಲಿ. ಬಸ್ ದಿನಾ ಬರತೈತಿ. ನಿನ್ನಂಥಾವ ಪಾದ ಹಿಡಿಯೂದು ದಿನಾ ಬರತೈತೇನು?"

ಬಸ್ಸು ಎಂದರೆ ಗಜೇಂದ್ರಗಡದ ಬಸ್ಸು. ಮೊಬೈಲ್ ಫೋನು ಇನ್ನೂ ಊರಿನ ಕೆಲವರ ಅಂಗಿಯ ಜೇಬಿನಲ್ಲಿ ಮಾತ್ರ ಉಬ್ಬಿ ಕಾಣುತ್ತಿದ್ದ ಕಾಲ ಅದು. ನಾನು ಗಜೇಂದ್ರಗಡದಲ್ಲಿ ಔಷಧದ ಡಿಪ್ಲೊಮಾ ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದು ದೊಡ್ಡ ಮಾತು. ಓದುವವರ ಪಕ್ಕದಲ್ಲಿ ಕೂರುತ್ತಿದ್ದೆ. ಪಾಠ ಒಂದೂ ತಲೆಗೆ ಹತ್ತದೆ, ಮುಂದೆ ಯಾರಿಗೋ ಹೊಟ್ಟೆನೋವಿನ ಗುಳಿಗೆ ಕೊಡುವ ಬದಲು ಹೊಟ್ಟೆಯನ್ನೇ ನಿಲ್ಲಿಸುವ ಗುಳಿಗೆ ಕೊಟ್ಟೇನೆಂಬ ಭಯದಲ್ಲಿ ದಿನ ದೂಡುತ್ತಿದ್ದೆ.

ಒಂದು ದಿನ ನಮ್ಮ ಸರ್ ಬೋರ್ಡಿನ ಮೇಲೆ ರೋಗಗಳ ಹೆಸರು ಸಾಲಾಗಿ ಬರೆದು, ಅವುಗಳ ಬಾಲಕ್ಕೆ ಗೆರೆ ಎಳೆದರು. ಎಲ್ಲದರ ಬಾಲವೂ ಒಂದೇ: ಆಲ್ಜಿಯಾ. "ಇದು ಗ್ರೀಕರ ಆಲ್ಗೋಸ್. ಆಲ್ಗೋಸ್ ಅಂದ್ರ ನೋವು. ಕೀಲಿನ ಮುಂದ ಹಚ್ಚಿದ್ರ ಕೀಲುನೋವು, ಸ್ನಾಯುವಿನ ಮುಂದ ಹಚ್ಚಿದ್ರ ಸ್ನಾಯುನೋವು, ನರದ ಮುಂದ ಹಚ್ಚಿದ್ರ ನ್ಯೂರಾಲ್ಜಿಯಾ. ನೋವು ಕಳೆಯೂ ಗುಳಿಗಿಗೆ ಅನಾಲ್ಜೆಸಿಕ್ ಅಂತೀವಲ್ಲ, ಅದರಾಗೂ ಐತಿ. ಅದು 'ನೋವಿಲ್ಲದ್ದು' ಅಷ್ಟ" ಎಂದರು.

ತರಗತಿಯಲ್ಲಿ ಮೊದಲ ಸಲ ನನಗೆ ಏನೋ ತಿಳಿಯಿತು. ಆ ಖುಷಿಗೆ ನಾನು ಲೈಬ್ರರಿಯ ದಪ್ಪ ನಿಘಂಟನ್ನು ಮೈಮೇಲೆ ಬಂದವರಂತೆ ತಿರುವಿದೆ. ಗ್ರೀಕರು ಈ ಪದವನ್ನು ಮೈಯ ನೋವಿಗೂ ಮನಸ್ಸಿನ ದುಃಖಕ್ಕೂ ಬಳಸುತ್ತಿದ್ದರಂತೆ. ಗಾಯದ ನೋವೂ ಆಲ್ಗೋಸ್, ಮಗ ಸತ್ತ ಸಂಕಟವೂ ಆಲ್ಗೋಸ್. ಅವರ ಬಹಳ ಹಳೆಯ ಹಾಡುಗಳಲ್ಲಿ ಅದು ಹೆಚ್ಚಾಗಿ ಬಹುವಚನದಲ್ಲಿ ಬರುತ್ತದಂತೆ, ನೋವು ಎಂದೂ ಒಂಟಿಯಾಗಿ ಬರುವುದಿಲ್ಲ ಎನ್ನುವ ಹಾಗೆ. ಅವರ ಪುರಾಣದಲ್ಲಿ ನೋವುಗಳೆಲ್ಲ ಜಗಳ ಎಂಬ ತಾಯಿಯ ಮಕ್ಕಳು, ಹಸಿವಿನ ಒಡಹುಟ್ಟಿದವರು. ಮುನ್ನೂರು ವರ್ಷಗಳ ಹಿಂದೆ ವೈದ್ಯಶಾಸ್ತ್ರ ಓದುತ್ತಿದ್ದ ಒಬ್ಬ ಹುಡುಗ ಮನೆ ಬಿಟ್ಟು ಸೊರಗಿದವರನ್ನು ನೋಡಿ, 'ಮರಳುವುದು' ಎಂಬ ಗ್ರೀಕ್ ಪದಕ್ಕೆ ಈ ಆಲ್ಗೋಸ್ ಅಂಟಿಸಿ ನಾಸ್ಟಾಲ್ಜಿಯಾ ಎಂಬ ಹೊಸ ರೋಗವನ್ನೇ ಹುಟ್ಟಿಸಿದನಂತೆ. ಅದನ್ನು ಓದಿದ ಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ಅವನೂ ವಿದ್ಯಾರ್ಥಿ, ನಾನೂ ವಿದ್ಯಾರ್ಥಿ. ಒಂದು ವಾರದಲ್ಲಿ ನಾನು ಬಸ್ಸಾಲ್ಜಿಯಾ, ರೊಟ್ಟಾಲ್ಜಿಯಾ, ಸೋದರಮಾವಾಲ್ಜಿಯಾ ಎಂದು ಹೊಸ ಹೊಸ ರೋಗ ಹುಟ್ಟಿಸಿ ಓಣಿಗೆ ಹಂಚಿದೆ. ಓಣಿ ನನಗೆ 'ಗ್ರೀಕ ಡಾಕ್ಟರ' ಎಂದು ಹೆಸರಿಟ್ಟಿತು.

ಅಜ್ಜಿಗೆ ಮಾತ್ರ ಸಮಾಧಾನವಾಗಲಿಲ್ಲ. ಹಂಚಿನ ಮುಂದೆ ಕೂತು ಕೇಳಿದಳು:

"ಎಲ್ಲಾ ನೋವಿಗೂ ಒಂದ ಶಬ್ದ ಏನು?"

"ಹೆಚ್ಚೂಕಡಿಮಿ ಒಂದ ಅಜ್ಜಿ. ಚುಚ್ಚೂ ನೋವಿಗೆ ಬ್ಯಾರೆ ಒಂದೈತಿ."

"ಪಾಪ. ತಲಿ ಸಿಡೀತೈತಿ, ಹೊಟ್ಟಿ ಕಡೀತೈತಿ, ಕಾಲ ಹರೀತಾವು, ರಟ್ಟಿ ಜಗ್ಗತೈತಿ, ಎದಿ ಉರೀತೈತಿ, ಸೊಂಟಕ್ಕ ಚಳಕ ಹಿಡೀತೈತಿ, ಹಡಿಯಾಕಿಗೆ ಬ್ಯಾನಿ ಬರತಾವು. ಎಲ್ಲಾನೂ ಒಂದ ಗಂಟಿನ್ಯಾಗ ಕಟ್ಟಿದ್ರ ಅದ ಯಾವ ನೋವು ಅಂತ ಹ್ಯಾಂಗ ಗೊತ್ತಾಗಬೇಕೋ ಆ ಮಂದಿಗೆ?"

ಆ ಪ್ರಶ್ನೆಗೆ ನಾನು ನಕ್ಕೆ.

ಮದುವೆಯ ದಿನಗಳು ಹತ್ತಿರವಾಗಿ ಚಾಚಾನ ಮನೆಯಲ್ಲಿ ಗಾದಿಯ ಕೆಲಸ ರಾಶಿ ಬಿದ್ದಿದ್ದಾಗ, ಒಂದು ಬೆಳಿಗ್ಗೆ ಚಾಚಾ ನಮ್ಮ ಪಡಸಾಲೆಗೆ ಅಂಗಿ ಇಲ್ಲದೆ ಬಂದರು. ಟೊಪ್ಪಿಗೆ ಇಲ್ಲದೆ, ಅಂಗಿಯ ಗುಂಡಿ ಕುತ್ತಿಗೆಯವರೆಗೆ ಹಾಕದೆ ಹೊಸ್ತಿಲು ದಾಟದ ಮನುಷ್ಯ. ಮೆತ್ತನೆಯ ಹಳೆಯ ಧೋತರ ಒಂದನ್ನು ಎಡಭುಜದ ಮೇಲೆ ಇಳಿಬಿಟ್ಟಿದ್ದರು. ಬಲಗಡೆ ಬೆನ್ನು ಬರಿಯದು.

"ಅಂಗಿ ತಾಗಿದ್ರ ಉರೀತೈತಿ ಆಯಿ" ಎಂದು ಅಜ್ಜಿಗೆ ಹೇಳಿದರು. "ಬೆನ್ನಿಂದ ಪಕ್ಕಡಿಗೆ ಬರಿ ಎಳದಂಗ."

ಅಜ್ಜಿ ಕಣ್ಣು ಕಿರಿದು ಮಾಡಿದಳು. "ಚಳಕಿಗೆ ಉರಿ ಇರೂದಿಲ್ಲಲ್ಲೋ ತಮ್ಮಾ."

"ಏನರ ಇರಲಿ, ಕಾಲ ಇಡಸು. ಗಾದಿ ಕೊಡೂದೈತಿ."

ಚರ್ಮ ನೋಡಿದೆವು. ಏನೂ ಇರಲಿಲ್ಲ. ಕೆಂಪಿಲ್ಲ, ಬಾವಿಲ್ಲ. ಚಾಚಾ ಮಲಗಿದರು. ನಾನು ಗೋಡೆ ಹಿಡಿದು, ಮುಖ ತಿರುಗಿಸಿ, ಬೇಕೆಂದೇ ಗಂಭೀರವಾಗಿ "ಓಂ ಆಲ್ಗೋಸಾಯ ನಮಃ" ಎಂದು ಹಿಮ್ಮಡಿ ತಾಗಿಸಿದೆ.

ಚಾಚಾ ಕೂಗಿದ್ದು ಬಸ್‌ಸ್ಟ್ಯಾಂಡಿಗೆ ಕೇಳಿರಬೇಕು. ಕಾದ ಹಂಚು ತಾಗಿದವರಂತೆ ಜಿಗಿದು ಎದ್ದರು. ಕಣ್ಣಲ್ಲಿ ನೀರು. ನಾನು ಪಾದ ಹಿಡಿಯಲು ಬಗ್ಗಿದೆ. ಅವರು ಚೇಷ್ಟೆ ಮಾಡಲಿಲ್ಲ, ಕಣ್ಣು ಮುಚ್ಚಲಿಲ್ಲ, ನನ್ನನ್ನು ನೋಡಲೂ ಇಲ್ಲ. ಗೋಡೆಗೆ ಕೈ ಊರಿಕೊಂಡು ತಮ್ಮ ಮನೆಗೆ ದಾಟಿ ಹೋದರು.

ಬಿಟ್ಟೀನಿ ಅನ್ನಲಿಲ್ಲ.

ಅಜ್ಜಿ ಖಾಲಿ ರೊಟ್ಟಿ ಇಟ್ಟಳು. ನಾನು ತಕರಾರು ಮಾಡಲಿಲ್ಲ. ಅಂದು ಗಜೇಂದ್ರಗಡದ ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ನನ್ನ ಎಡಗಾಲನ್ನೇ ನೋಡುತ್ತಿದ್ದೆ. ಅಜ್ಜಿಯ ಮಾತು ಕಿವಿಯಲ್ಲಿತ್ತು: ಚಳಕಿಗೆ ಉರಿ ಇರುವುದಿಲ್ಲ. ಹಾಗಾದರೆ ಇದೇನು?

ಚಾಚಾನ ಮಗಳನ್ನು ನರಗುಂದಕ್ಕೆ ಕೊಟ್ಟಿದ್ದರು. ಕಾಯಿನ್ ಬಾಕ್ಸ್ ಫೋನಿನಿಂದ ಸುದ್ದಿ ಹೋದ ಕೂಡಲೆ, ಅಲ್ಲಿ ಒಬ್ಬ ಚಲೋ ಡಾಕ್ಟರಿದ್ದಾರೆ, ಕರೆದುಕೊಂಡು ಬರ್ರಿ ಎಂದಳು. ಇಂಗ್ಲಿಷ್ ತಿಳಿಯುವವನೊಬ್ಬ ಜೊತೆಗಿರಲಿ ಎಂದು ಚಾಚಿ ನನ್ನನ್ನು ಹೊರಡಿಸಿದಳು. ನನ್ನ ಇಂಗ್ಲಿಷಿನ ಮೇಲೆ ನಂಬಿಕೆ ಇಟ್ಟವಳು ಇಡೀ ಜಿಲ್ಲೆಯಲ್ಲಿ ಆಕೆ ಒಬ್ಬಳೇ.

ಬಸ್ಸಿನಲ್ಲಿ ಸೀಟಿತ್ತು. ಆದರೆ ಚಾಚಾ ಒರಗುವಂತಿರಲಿಲ್ಲ. ಇಡೀ ತಾಲೂಕಿಗೆ ಮೆತ್ತಗೆ ಮಲಗಲು ಗಾದಿ ಕೊಟ್ಟ ಮನುಷ್ಯ ಕಬ್ಬಿಣದ ಸರಳು ಹಿಡಿದು ನಿಂತೇ ಬಂದರು. ಎರೆಹೊಲಗಳ ನಡುವಿನ ರಸ್ತೆಯ ಪ್ರತಿ ತಗ್ಗಿಗೂ ಅವರ ದವಡೆ ಬಿಗಿಯುತ್ತಿತ್ತು. ನಾನು ಅವರ ಹಿಂದೆ ಕೈ ಅಗಲಿಸಿ ನಿಂತೆ, ಯಾರೂ ತಾಗದಿರಲೆಂದು. ಒಬ್ಬ ಮುದುಕಿ, "ಯಾಕೋ ಯಪ್ಪಾ, ಹಿರೀರನ್ನ ಅಪ್ಪಿಕೊಳ್ಳಾಕ ನಿಂತಿಯೇನು?" ಎಂದು ನಕ್ಕಳು. ನಾನು ಜೋಕು ಬಿಟ್ಟು ಕೈಗಳನ್ನು ಇನ್ನಷ್ಟು ಅಗಲಿಸಿದೆ. ಗಾಬರಿಯ ಲಕ್ಷಣ ಅದು.

ಡಾಕ್ಟರು ಎದೆ ನೋಡಿದರು, ಹೊಟ್ಟೆ ಒತ್ತಿದರು, ಬೆನ್ನು ನೋಡಿದರು. "ಎದಿ ಚಲೋ ಐತ್ರಿ. ಪಕ್ಕಡಿ ನರದ್ದು ಕಾಣತೈತಿ. ನ್ಯೂರಾಲ್ಜಿಯಾ ಇರಬಹುದು. ಗುಳಿಗಿ ತಗೋರಿ. ಮೈಮ್ಯಾಲೆ ಗುಳ್ಳಿ-ಗಿಳ್ಳಿ ಎದ್ರ ಹಂಗ ಕುಂದ್ರಬ್ಯಾಡ್ರಿ, ಲಗೂ ಬರ್ರಿ" ಎಂದರು.

ಹೊರಗೆ ಬರುತ್ತಲೇ ಚಾಚಿ ಎರಡೂ ಕೈ ಮುಖಕ್ಕೆ ಒತ್ತಿಕೊಂಡು ದೇವರಿಗೆ ಕೃತಜ್ಞತೆ ಹೇಳಿದಳು. ಮಗಳ ಮುಖ ಅರಳಿತು. "ಹೆಸರ ಸಿಕ್ತಲ್ಲ. ಹೆಸರ ಇಲ್ಲದ ಬ್ಯಾನಿಗೆ ಅಂಜಬೇಕು" ಎಂದಳು. ಚಾಚಿ ಆ ಹೆಸರನ್ನು ತುಂಬಿದ ಬಿಂದಿಗೆಯಂತೆ ತುಳುಕದ ಹಾಗೆ ಹೊತ್ತು, "ನ್ಯೂರಾಲ್ಜಿಯಾ, ನ್ಯೂರಾಲ್ಜಿಯಾ" ಎನ್ನುತ್ತ ಬಸ್‌ಸ್ಟ್ಯಾಂಡಿನವರೆಗೆ ನಡೆದಳು.

ನಾನೊಬ್ಬ ಮಾತ್ರ ಹಿಗ್ಗಲಿಲ್ಲ. ಇಡೀ ಔಷಧಶಾಸ್ತ್ರದಲ್ಲಿ ನನಗೆ ಗೊತ್ತಿದ್ದದ್ದು ಒಂದೇ ಪದ, ಆ ಪದವೇ ಎದುರಿಗೆ ಬಂದು ನಿಂತಿತ್ತು.

"ಅಕ್ಕಾರ, ಅದು ರೋಗದ ಹೆಸರಲ್ಲರಿ. ನ್ಯೂರೊ ಅಂದ್ರ ನರ, ಆಲ್ಗೋಸ್ ಅಂದ್ರ ನೋವು. ಚಾಚಾ ಕನ್ನಡದಾಗ ನೋಯ್ತೈತಿ ಅಂದ್ರು, ಡಾಕ್ಟರು ಗ್ರೀಕಿನ್ಯಾಗ ನೋಯ್ತೈತಿ ಅಂದ್ರು. ಯಾಕ ನೋಯ್ತೈತಿ ಅಂಬೂದು ಇನ್ನೂ ಗೊತ್ತಾಗಿಲ್ಲ."

"ಹಲ್ಲ ಕಿಸೀಬ್ಯಾಡ. ಎಲ್ಲಾದರಾಗೂ ನಿಂದೊಂದು ಜೋಕು" ಎಂದಳು ಮಗಳು.

"ಖರೇ ಹೇಳಾಕ ಹತ್ತೀನ್ರಿ."

"ಹೋದ ವರ್ಷ ನಮ್ಮವ್ವಗ ಶಕ್ತಿ ಗುಳಿಗಿ ಒಂಟಿಕಾಲ ಮ್ಯಾಲೆ ನಿಂತ ನುಂಗಬೇಕು ಅಂತನೂ ಖರೇ ಅಂತಾನ ಹೇಳಿದ್ದಿ."

ನಿಜ. ಚಾಚಿ ಆ ಗುಳಿಗೆ ಮುಗಿಯುವವರೆಗೂ ಒಲೆಯ ಮುಂದೆ ಕೊಕ್ಕರೆಯಂತೆ ನಿಂತು ನುಂಗಿದ್ದಳು. ಈಗ ಆಕೆಯೇ ನನ್ನನ್ನು ಕರುಣೆಯಿಂದ ನೋಡಿ, "ಬಿಡವಾ, ಹುಡುಗ ನಗಸಾಕ ನೋಡತೈತಿ" ಎಂದಳು. ನಗಿಸುವವನ ಹಣೆಬರಹ ಇದು: ನಿಜ ಹೇಳುವ ದಿನ ಬಾಯಿ ತೆರೆದರೆ ಜನ ಮೊದಲೇ ನಗಲು ಶುರುಮಾಡಿರುತ್ತಾರೆ. ಆ ಹೆಸರು ನನಗೆ ಚಾಚಾನ ಮನೆಯಲ್ಲಿ ಹೊಲಿದಿಟ್ಟ ಗಾದಿಯ ಗವಸಣಿಗೆಯಂತೆ ಕಂಡಿತು. ಹೊರಗೆ ಚೆಂದದ ಹೂವಿನ ಬಟ್ಟೆ, ಒಳಗೆ ಇನ್ನೂ ಅರಳೆ ತುಂಬಿಲ್ಲ.

ಕೆಲವು ದಿನ ಕಳೆದವು. ಒಂದು ಬೆಳಿಗ್ಗೆ ಎದುರು ಮನೆಯಿಂದ ಚಾಚಿ, "ಆಯೀ, ಲಗೂ ಬರ್ರಿ ಇಲ್ಲಿ" ಎಂದು ಕೂಗಿದಳು. ಅಜ್ಜಿಯ ಹಿಂದೆ ನಾನೂ ಓಡಿದೆ.

ಚಾಚಾನ ಬೆನ್ನಿನ ಬಲಕ್ಕೆ ನೀರುಗುಳ್ಳೆಗಳು ಎದ್ದಿದ್ದವು. ಗುಂಪಾಗಿ, ಕೆಂಪು ನೆಲದ ಮೇಲೆ ಮುತ್ತು ಚೆಲ್ಲಿದಂತೆ. ಅವು ಎದ್ದದ್ದು ಸರಿಯಾಗಿ ನಾನು ಕಾಲಿಟ್ಟ ಜಾಗದಲ್ಲಿ. ಅಷ್ಟೇ ಅಲ್ಲ, ಆ ಗುಂಪಿನ ಆಕಾರ ಹಿಮ್ಮಡಿಯದು. ಹಿಮ್ಮಡಿಯಿಂದ ಒಂದು ಎಳೆ ಪಕ್ಕೆಯ ಕಡೆಗೆ ಹೊರಟಿತ್ತು.

ಅಜ್ಜಿ ಬಹಳ ಹೊತ್ತು ನೋಡಿದಳು. "ಸರ್ಪಸುತ್ತು" ಎಂದಳು ಮೆಲ್ಲಗೆ.

ಸರ್ಪಸುತ್ತಿನ ಮಾತು ಗೊತ್ತಿಲ್ಲದವರು ನಮ್ಮ ಕಡೆ ಇಲ್ಲ. ಗುಳ್ಳೆ ಹಾವಿನ ಹಾಗೆ ಮೈ ಸುತ್ತುತ್ತ ಹೋಗುತ್ತದೆ; ಸುತ್ತು ಪೂರ್ತಿಯಾಗಿ ತಲೆ-ಬಾಲ ಕೂಡಿದ ದಿನ ಮನುಷ್ಯ ಉಳಿಯುವುದಿಲ್ಲ ಎಂದು ಹೇಳುತ್ತಾರೆ. ನನ್ನ ಕಣ್ಣು ತಾನಾಗಿಯೇ ಚಾಚಾನ ಸೊಂಟದ ಸುತ್ತಳತೆ ತೆಗೆಯತೊಡಗಿತು. ಬಡಕಲು ಮನುಷ್ಯ. ಹಾವಿಗೆ ದೂರದ ದಾರಿಯೇನಲ್ಲ. ಇನ್ನೊಂದಿಷ್ಟು ಹೊಟ್ಟೆ ಬೆಳೆಸಬಾರದಿತ್ತೆ ಈ ಮನುಷ್ಯ ಎಂದು ಅಳು ಬಂತು.

ಮಧ್ಯಾಹ್ನದ ಹೊತ್ತಿಗೆ ಓಣಿ ಎರಡು ಪಕ್ಷವಾಯಿತು. ಒಂದು ಪಕ್ಷ, ಹುಡುಗನ ಕಾಲು ವಿಷವಾಗಿದೆ, ಗ್ರೀಕರ ಮಂತ್ರ ಹೇಳಿ ಇಟ್ಟ ಮೇಲೆ ಇನ್ನೇನಾಗುತ್ತದೆ ಎಂದಿತು. ಇನ್ನೊಂದು ಪಕ್ಷ, ನರಗುಂದದ ಗುಳಿಗೆ ತಿಂದ ಮೇಲೆಯೇ ಗುಳ್ಳೆ ಎದ್ದವು, ಗುಳಿಗೆಯದೇ ತಪ್ಪು ಎಂದಿತು. ನಾನು ಕಾಲಿನ ಮಾಲೀಕ, ಮೇಲಾಗಿ ಅರ್ಧ ಔಷಧದವನು. ಎರಡೂ ಪಕ್ಷಕ್ಕೆ ಆರೋಪಿ ನಾನೊಬ್ಬನೇ. ಹಾಲಿನವಳು ನನ್ನನ್ನು ಕಂಡು ಕೊಡ ಆಚೆ ಸರಿಸಿಟ್ಟಳು.

ನಾನು ನಂಬಲಿಲ್ಲ. ವಿಜ್ಞಾನ ಓದುವವನು ನಂಬುತ್ತಾನೆಯೆ? ನಂಬದೆ ಬಚ್ಚಲಿಗೆ ಹೋಗಿ ಎಡಗಾಲನ್ನು ಸಾಬೂನು ಹಚ್ಚಿ ತಿಕ್ಕಿದೆ. ನಂಬದೆ ಇಟ್ಟಂಗಿಯ ಚೂರು ತಂದು ತಿಕ್ಕಿದೆ. ನಂಬದೆಯೇ ಮದುವೆ-ಮುಂಜಿಗೆಂದು ಇಟ್ಟಿದ್ದ ಕಾಲುಚೀಲ ಹಾಕಿಕೊಂಡು, ಅದರ ಮೇಲೆ ಚಪ್ಪಲಿ ಮೆಟ್ಟಿ, ಬಿಸಿಲಲ್ಲಿ ಕುಂಟುತ್ತ ಚಾಚಾನ ಮನೆಗೆ ಹೋದೆ. ಡಾಕ್ಟರು ಹೇಳಿದ 'ಗುಳ್ಳಿ ಎದ್ರ ಲಗೂ ಬರ್ರಿ' ಎಂಬ ಮಾತು ಒಂದೇ ಸಮನೆ ತಲೆಯಲ್ಲಿ ಬಡಿಯುತ್ತಿತ್ತು. ಅದನ್ನು ಎಲ್ಲರೂ ಕೇಳಿದ್ದರು. ಹೆಸರು ಸಿಕ್ಕ ಸಂಭ್ರಮದಲ್ಲಿ ಎಲ್ಲರೂ ಮರೆತಿದ್ದರು.

ಅಲ್ಲಿ ಚಾಚಿ, ಅಬ್ಬಿಗೇರಿಯಲ್ಲಿ ಕೆಮ್ಮಣ್ಣು ಹಚ್ಚುವವರಿದ್ದಾರೆ, ನಾಳೆ ಹೋಗೋಣ ಎನ್ನುತ್ತಿದ್ದಳು. ಚಾಚಾ ಕಂಬಕ್ಕೆ ಎಡಭುಜ ಆನಿಸಿ ಕೂತಿದ್ದರು. ಬಿಲ್ಲು ಹಿಂದೆ ಸುಮ್ಮನೆ ತೂಗುತ್ತಿತ್ತು.

"ಚಾಚಾ, ಇವತ್ತ ನರಗುಂದಕ್ಕ ಹೋಗೂಣ್ರಿ."

"ಆ ಗುಳಿಗಿ ತಿಂದ ಇಷ್ಟಾಗೇತಿ. ಇನ್ನೊಮ್ಮಿ ಹೋಗಿ ಪೂರಾ ಸುತ್ತು ಹಾಕಿಸಿಗೊಳ್ಳಲೇನು?"

"ಡಾಕ್ಟರು ಹೇಳಿದ್ರಲ್ರಿ, ಗುಳ್ಳಿ ಎದ್ರ ಬರ್ರಿ ಅಂತ. ಅವರಿಗೆ ಏನೋ ಅನುಮಾನಿತ್ತು."

"ಅವರಿಗೆ ಏನಿತ್ತೋ ನಿನಗ ಹ್ಯಾಂಗ ಗೊತ್ತು? ಗ್ರೀಕಿನ್ಯಾಗ ಹೇಳಿದ್ರೇನು?"

ಚಾಚಿ ನಕ್ಕಳು. ನನಗೆ ಅಲ್ಲಿ ಬಳಸಲು ಯಾವ ವಿದ್ಯೆಯೂ ಉಳಿದಿರಲಿಲ್ಲ. ಆಗ ಅಜ್ಜಿಯ ಕಾನೂನು ನೆನಪಾಯಿತು. ನೆಲಕ್ಕೆ ಕೂತು ಅವರ ಎರಡೂ ಪಾದ ಹಿಡಿದುಕೊಂಡೆ.

"ನೀವು ಇನ್ನೂ ನನ್ನ ಬಿಟ್ಟಿಲ್ಲರಿ. ಅವತ್ತ ಕಾಲ ಇಟ್ಟಾಗಿಂದ ಖಾಲಿ ರೊಟ್ಟಿ ತಿನ್ನಾಕ ಹತ್ತೀನಿ. ನರಗುಂದಕ್ಕ ಬರ್ರಿ, ಅಲ್ಲೇ ಬಿಡ್ರಿ. ಅಲ್ಲೀತನಕ ನಾ ಈ ಪಾದ ಬಿಡೂದಿಲ್ಲ."

"ಎಲಾ ಇವನ. ನಿನ್ನ ರೊಟ್ಟಿಗೆ ಬೆಣ್ಣಿ ಹಚ್ಚಾಕ ನಾ ನರಗುಂದಕ್ಕ ಬರಬೇಕೇನು?"

"ಹೌದ್ರಿ. ಗಂಟಲ ಸವದೈತಿ."

ಅವರು ನಗಲು ಹೊರಟರು, ಉರಿ ಹಿಡಿದು ನಿಂತರು. ಕಣ್ಣು ನನ್ನ ಕಾಲಿನ ಮೇಲೆ ಬಿತ್ತು. "ಈ ಬಿಸಲಾಗ ಕಾಲಚೀಲ ಯಾಕ ಹಾಕೀದಿ?"

"ಸುಮ್ನರಿ. ಫ್ಯಾಶನ್."

"ತಗಿ ನೋಡೂಣು."

ತೆಗೆಯಲಿಲ್ಲ. ಅವರೇ ಬಗ್ಗಿ ಎಳೆದರು. ಬಗ್ಗುವಾಗ ಅವರ ಬಾಯಿಂದ ಬಂದ ಸದ್ದನ್ನು ನಾನು ಕೇಳಿಸಿಕೊಳ್ಳಬಾರದಿತ್ತು. ಇಟ್ಟಂಗಿ ತಿಕ್ಕಿ ಹಿಮ್ಮಡಿ ಹಸಿಯಾಗಿತ್ತು, ಅಲ್ಲಲ್ಲಿ ರಕ್ತ ಜಿನುಗಿ ಕಾಲುಚೀಲಕ್ಕೆ ಅಂಟಿತ್ತು. ಚಾಚಾ ಆ ಕಾಲನ್ನು ತಮ್ಮ ಅಂಗೈಯಲ್ಲಿ ಹಿಡಿದು ನೋಡಿದರು. ಅರಳೆಯಲ್ಲಿ ಕಸ ಹುಡುಕುವಾಗ ನೋಡುವ ಹಾಗೆ.

"ಹುಚ್ಚ ಸೂಳೇಮಗನ" ಎಂದರು. ಆಮೇಲೆ ಚಾಚಿಯ ಕಡೆ ತಿರುಗಿ, "ಆ ಮೆತ್ತನ ಧೋತ್ರ ತಾ. ನರಗುಂದದ ಬಸ್ ಎಷ್ಟೊತ್ತಿಗೈತಿ ಕೇಳು" ಎಂದರು.

ಹೊರಡುವ ಮುಂಚೆ ಅಜ್ಜಿ ಅಡ್ಡ ಬಂದಳು. ಗೋಡೆಗೆ ಬಳಿಯಲು ಇಟ್ಟಿದ್ದ ಕೆಮ್ಮಣ್ಣನ್ನು ನೀರಿನಲ್ಲಿ ಕಲಸಿ, ಗುಳ್ಳೆಯ ಸಾಲಿನ ಮುಂದೆ, ಚರ್ಮಕ್ಕೆ ಭಾರ ಬೀಳದಂತೆ ಹತ್ತಿಯಿಂದ ಒಂದು ಅಡ್ಡಗೆರೆ ಎಳೆದಳು. "ನೀವು ಡಾಕ್ಟರ ಕಡೆ ಹೋಗ್ರಿ, ಬ್ಯಾಡ ಅನ್ನೂದಿಲ್ಲ. ದಾರ್ಯಾಗ ತಲಿ-ಬಾಲ ಕೂಡಬಾರದಲ್ಲ" ಎಂದಳು. ಆ ಗೆರೆಯನ್ನು ನೋಡಿ ನನಗೂ ಸ್ವಲ್ಪ ಧೈರ್ಯ ಬಂತು ಎಂದು ಕಾಲೇಜಿನಲ್ಲಿ ಯಾರಿಗೂ ಹೇಳಲಿಲ್ಲ.

ಡಾಕ್ಟರು ಧೋತರ ಸರಿಸಿದ ಕೂಡಲೆ, "ಹಾಂ, ಇದಽ ಅನುಮಾನಿತ್ತು ನನಗ" ಎಂದರು. ಸಣ್ಣವರಿದ್ದಾಗ ಮೈಮೇಲೆ ಅಮ್ಮ, ಅಂದರೆ ಚಿಕನ್‌ಪಾಕ್ಸ್, ಎದ್ದಿತ್ತೇ ಎಂದು ಕೇಳಿದರು. ಎದ್ದಿತ್ತು. ಆ ರೋಗದ ವಿಷ ಹೋಗಿರುವುದಿಲ್ಲವಂತೆ. ಒಂದು ನರದ ಬುಡದಲ್ಲಿ ಸುಮ್ಮನೆ ಮಲಗಿದ್ದು, ವಯಸ್ಸಾಗಿ ಮೈ ಸೋತ ದಿನ ಎದ್ದು ಆ ನರದ ದಾರಿ ಹಿಡಿದು ಬರುತ್ತದಂತೆ. ಮೊದಲು ನೋವು ಬರುತ್ತದೆ, ಗುಳ್ಳೆ ಆಮೇಲೆ. ನರ ಮೈಯ ಒಂದೇ ಬದಿಗೆ ಇರುವುದರಿಂದ ತಲೆ-ಬಾಲ ಕೂಡುವ ಮಾತು ಸುಮ್ಮನೆ ಅಂಜಿಕೆ.

"ಹಂಗಾದ್ರ ಕಾಲ ತಾಗಿದ್ದಕ್ಕ ಅಲ್ಲರಿ?" ಎಂದೆ.

"ಯಾವ ಕಾಲು?"

ಚಾಚಾ ನನಗಿಂತ ಮೊದಲೇ, "ಏನಿಲ್ಲರಿ, ಹುಡುಗ ಜೋಕು ಮಾಡತಾನ" ಎಂದರು.

"ಲಗೂ ಬಂದ್ರಿ, ಚಲೋ ಆತು. ಗುಳಿಗಿ ಇವತ್ತಿಂದಾನ ಶುರು ಮಾಡ್ರಿ. ಗುಳ್ಳಿ ಒಣಗತಾವು. ಆದರ ಒಂದ ಮಾತು. ಗುಳ್ಳಿ ಹೋದ ಮ್ಯಾಲೂ ಕೆಲವರಿಗೆ ನೋವು ಉಳೀತೈತಿ. ತಿಂಗಳಾನಗಟ್ಟಲೆ. ಅದಕ್ಕ ನ್ಯೂರಾಲ್ಜಿಯಾ ಅಂತಾರ." ಕೊನೆಗೆ ಕೆಂಪು ಗೆರೆ ಕಂಡು, "ಇದನ್ಯಾರ ಎಳದಾರ?" ಎಂದು ಕೇಳಿದರು.

"ನಮ್ಮ ಅಜ್ಜಿರಿ. ಬಸ್ಸಿನ್ಯಾಗ ಮುಂದ ಹೋಗಬಾರದು ಅಂತ."

ಡಾಕ್ಟರು ನಕ್ಕರು, ಒರೆಸಿ ಹಾಕಿದರು. ಗುಳ್ಳೆಯ ಸಾಲು ಎಲ್ಲಿಗೆ ನಿಂತಿದೆ ಎಂದು ನಾನು ಕಣ್ಣಲ್ಲೇ ಗುರುತು ಮಾಡಿಕೊಂಡೆ.

ಮರಳುವಾಗಲೂ ಚಾಚಾ ನಿಂತೇ ಬಂದರು. ನರಗುಂದದ ಗುಡ್ಡ ಕಿಟಕಿಯಲ್ಲಿ ಸಣ್ಣದಾಗುತ್ತ ಹೋಯಿತು. "ಈಗರ ಬಿಡ್ರಿ ಚಾಚಾ" ಎಂದೆ.

"ನೋವ ಹೋಗಲಿ ತಡಿ."

ಗುಳ್ಳೆಗಳು ಒಣಗಿದವು, ಹಕ್ಕಳೆಗಳು ಉದುರಿದವು, ತಲೆಗೂ ಬಾಲಕ್ಕೂ ಭೇಟಿಯಾಗಲಿಲ್ಲ. ಓಣಿಯ ಎರಡೂ ಪಕ್ಷಗಳು ನನ್ನನ್ನು ಮರೆತು ಬೇರೆ ಜಗಳ ಹುಡುಕಿಕೊಂಡವು. ಆದರೆ ನೋವು ಹೋಗಲಿಲ್ಲ. ಬೆನ್ನ ಮೇಲೆ ಬಿಳಿ ಕಲೆ ಬಿಟ್ಟರೆ ಏನೂ ಇಲ್ಲ. ಗಾಳಿ ತಾಗಿದರೆ ಚಾಚಾ ಬೆಚ್ಚುತ್ತಿದ್ದರು. ಬಂದವರು, "ಎಲ್ಲಾ ಒಣಗೇತಲ್ಲರಿ, ಇನ್ನೇನು?" ಎನ್ನುತ್ತಿದ್ದರು. ಕಾಣದ ನೋವನ್ನು ಎಷ್ಟು ದಿನ ನಂಬುತ್ತಾರೆ ಜನ? ಬಿಲ್ಲಿಗೆ ಧೂಳು ಕೂತಿತು. ಮದುವೆಯ ಗಾದಿಗಳು ಮಶಿನ್ನಿನ ಕಡೆ ಹೋದವು. ಓಣಿಯಲ್ಲಿ ಆ ಟೊಂಯ್ ಟೊಂಯ್ ಇಲ್ಲದೆ ಬೆಳಿಗ್ಗೆ ಎಚ್ಚರವಾಗುವುದೇ ತಡವಾಗುತ್ತಿತ್ತು.

ನಾನು ಕಾಲೇಜಿಗೆ ಹೋಗುವ ಮೊದಲೊಮ್ಮೆ, ಬಂದ ಮೇಲೊಮ್ಮೆ ಹೋಗಿ ಕೂರುತ್ತಿದ್ದೆ. "ಇವತ್ತ ಹ್ಯಾಂಗೈತ್ರಿ?" ಎಂದರೆ ಅವರು ಯೋಚಿಸಿ ಉತ್ತರ ಕೊಡುತ್ತಿದ್ದರು. ಒಂದು ದಿನ ಇರುವೆ ಹರಿದಂತೆ, ಒಂದು ದಿನ ಕಾದ ಸೂಜಿ ಆಡಿಸಿದಂತೆ, ಒಂದು ದಿನ ಯಾರೋ ಬಿಲ್ಲಿನ ನಾರಿಯನ್ನು ಪಕ್ಕೆಯೊಳಗೆ ಬಿಗಿದು ಮೀಟಿದಂತೆ. ಎಲ್ಲ ನೋವನ್ನೂ ಒಂದೇ ಗಂಟಿನಲ್ಲಿ ಹೇಗೆ ಕಟ್ಟುತ್ತಾರೆ ಎಂಬ ಅಜ್ಜಿಯ ಪ್ರಶ್ನೆ ನೆನಪಾಯಿತು. ಮತ್ತೆ ನಿಘಂಟು ತಿರುವಿದಾಗ ಒಂದು ಮಾತು ಸಿಕ್ಕಿತು. ಆಲ್ಗೋಸ್ ಎಂಬುದು, ಒಬ್ಬರ ಬಗ್ಗೆ 'ಕಾಳಜಿ ಮಾಡು', 'ಲಕ್ಷ್ಯ ಕೊಡು' ಎಂಬ ಇನ್ನೊಂದು ಗ್ರೀಕ್ ಪದದ ಬಳಗದ್ದಿರಬಹುದು ಎಂದು ಕೆಲವು ಪಂಡಿತರು ಊಹಿಸುತ್ತಾರಂತೆ. ಎಲ್ಲರೂ ಒಪ್ಪುವುದಿಲ್ಲವಂತೆ. ಚಾಚಾಗೆ ಹೇಳಿದೆ.

"ಒಪ್ಪದವರಿಗೆ ಸರ್ಪಸುತ್ತು ಆಗಿರಾಕಿಲ್ಲ ಬಿಡು" ಎಂದರು.

ಮಳೆಗಾಲ ಮುಗಿಯುವ ಹೊತ್ತಿನ ಒಂದು ಬೆಳಿಗ್ಗೆ ನಾನು ಬಾಯಲ್ಲಿ ಬ್ರಶ್ ಇಟ್ಟುಕೊಂಡು ಅಂಗಳದಲ್ಲಿದ್ದೆ. ಎದುರು ಮನೆಯಿಂದ ಟೊಂಯ್ ಎಂದಿತು. ನಿಂತಿತು. ಮತ್ತೆ ಟೊಂಯ್. ನಾನು ನೊರೆ ಉಗುಳುವುದನ್ನೂ ಮರೆತು ನಿಂತೆ. ಸ್ವಲ್ಪ ಹೊತ್ತಿಗೆ ಚಾಚಾ ಹೊರಬಂದರು. ಟೊಪ್ಪಿಗೆ, ಅಂಗಿ, ಕುತ್ತಿಗೆಯವರೆಗೆ ಗುಂಡಿ. ಬಗ್ಗಿ, ಸೊಂಟದ ಮೇಲೆ ಕೈ ಇಟ್ಟುಕೊಂಡು ನಮ್ಮ ಪಡಸಾಲೆಗೆ ಬಂದು ಚಾಪೆಯ ಮೇಲೆ ಬೋರಲು ಬಿದ್ದರು.

"ಇಡು ಕಾಲು."

"ನಾ ಒಲ್ಲೇರಿ!" ಎರಡು ಹೆಜ್ಜೆ ಹಿಂದೆ ಸರಿದೆ. "ಸತ್ತರೂ ಒಲ್ಲೆ."

"ಲೇ, ಇದು ಆ ನೋವಲ್ಲ. ಭಾಳ ದಿನದ ಮ್ಯಾಲೆ ಬಿಲ್ಲು ಹಿಡದೆ ನೋಡು, ಸೊಂಟಕ್ಕ ಚಳಕ ಹಿಡೀತು. ನಿಮ್ಮ ಗ್ರೀಕರದ್ದಲ್ಲ, ನಮ್ಮ ರೋಣದ್ದು."

ಅದನ್ನು ಹೇಳುವಾಗ ಅವರ ದನಿಯಲ್ಲಿ ಹಿಗ್ಗಿತ್ತು, ದೂರ ಹೋದ ನೆಂಟರು ಮನೆಗೆ ಬಂದ ಹಾಗೆ. ಅಜ್ಜಿ ಒಳಗಿನಿಂದ ಬಂದು, "ಉರಿ ಐತೇನೋ ತಮ್ಮಾ?" ಎಂದು ಕೇಳಿದಳು. "ಇಲ್ಲ ಆಯಿ. ಬರೇ ಚಳಕು." ಅಜ್ಜಿ ನನಗೆ ಕಣ್ಸನ್ನೆ ಮಾಡಿದಳು. ಗೋಡೆ ಹಿಡಿದೆ. ಮಂತ್ರವಿಲ್ಲ, ಚೇಷ್ಟೆಯಿಲ್ಲ. ಬಿಳಿ ಕಲೆಗಳಿಂದ ಆದಷ್ಟು ದೂರ, ಸೊಂಟದ ಎಡಕ್ಕೆ, ಹಿಮ್ಮಡಿಯನ್ನು ಹೂವಿಟ್ಟಂತೆ ಇಟ್ಟು ತೆಗೆದೆ.

ಚಾಚಾ ಕೂಗಲಿಲ್ಲ.

ಎದ್ದು ಕೂತರು. ನಾನು ಪಾದ ಹಿಡಿದೆ. ಅವರು ಕಣ್ಣು ಮುಚ್ಚಿದರು. ಬಸ್ಸಿನ ಹಾರ್ನ್ ಕೇಳಿತು, ಹೋಯಿತು. ಕೊನೆಗೆ ಒಂದು ಕಣ್ಣು ತೆರೆದು, "ಬಿಟ್ಟೀನಿ ಹೋಗು" ಎಂದರು.

"ಹಿಂದಿಂದೂ ಬಿಟ್ರಿ ಹೌದಿಲ್ಲೋ?"

"ಹಿಂದಿಂದು ಹ್ಯಾಂಗ ಬಿಡ್ಲಿ? ಅದು ಇನ್ನೂ ನೋಯ್ತೈತಿ. ಅಂಗಿ ಹಾಕಿದ್ರೂ ನೋಯ್ತೈತಿ, ತಗದ್ರೂ ನೋಯ್ತೈತಿ. ಮತ್ತ ಹಾಕ್ಕೊಂಡೀನಿ." ಎದ್ದು ಹೊರಟವರು ಹೊಸ್ತಿಲಲ್ಲಿ ತಿರುಗಿ, "ಸಂಜಿಗೆ ಬಂದು ಕೇಳು" ಎಂದರು.

ಅಜ್ಜಿ ತಟ್ಟೆ ಇಟ್ಟಳು. ರೊಟ್ಟಿಯ ಅರ್ಧಕ್ಕೆ ಮಾತ್ರ ಬೆಣ್ಣೆ ಹಚ್ಚಿದ್ದಳು. "ಒಂದ ಬಿಟ್ಟಾನ, ಒಂದ ಬಿಟ್ಟಿಲ್ಲ" ಎಂದಳು, ನ್ಯಾಯಾಧೀಶರ ಹಾಗೆ.

ಎದುರು ಮನೆಯಲ್ಲಿ ಬಿಲ್ಲು ಮತ್ತೆ ಶುರುವಾಯಿತು. ಟೊಂಯ್, ಟೊಂಯ್, ಟೊಂಯ್. ಬೆಣ್ಣೆಯ ಕಡೆಯಿಂದ ತಿನ್ನತೊಡಗಿದೆ. ಸದ್ದು ತಟ್ಟನೆ ನಿಂತಿತು. ತುತ್ತು ಬಾಯಲ್ಲೇ ಉಳಿಯಿತು, ಅಜ್ಜಿಯ ಕೈಯೂ ಹಂಚಿನ ಮೇಲೆ ನಿಂತಿತು. ಇಬ್ಬರೂ ಬಾಗಿಲ ಕಡೆ ನೋಡಿದೆವು.

ಟೊಂಯ್.

ನಾನು ಅಗಿಯತೊಡಗಿದೆ.